ಸದ್ದು ಮಾಡದ ಕಂಪ್ಯೂಟರು

ಬೀದರಿನಲ್ಲಿ ಕಂಪ್ಯೂಟರು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಗೋರಖನಾಥನ ಹತ್ತಿರ ಹೋಗುತ್ತಿದ್ದರು. ಹೆಣ್ಣು ನೋಡಲು ಹೊರಟಾಗ ತಿಳಿದ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು ಹೋಗುತ್ತಾರಲ್ಲ, ಹಾಗೆ. ಭಾಲ್ಕಿಯ ಅಡತಿ ಅಂಗಡಿಯವರು, ಔರಾದಿನ ಮಾಸ್ತರರು, ಹೊಸದಾಗಿ ವಕೀಲಿ ಶುರು ಮಾಡಿದವರು, ಎಲ್ಲರೂ ಬೀದರ ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ಅವನಿಗೆ ಫೋನು ಹಚ್ಚುತ್ತಿದ್ದರು. ಇದಕ್ಕೆ ಅವನು ಯಾರಿಂದಲೂ ಏನೂ ಮುಟ್ಟಿದವನಲ್ಲ. ಚಹಾ ಮಾತ್ರ ಬೇಕು, ಅದೂ ಅಂಗಡಿಯವನ ಚಹಾ ಅಲ್ಲ, ಕೊಳ್ಳುವವನ ಚಹಾ. ಅಂಗಡಿಯವನ ಚಹಾ ಕುಡಿದರೆ ಮಾತು ಅವನ ಕಡೆಗೇ ವಾಲುತ್ತದೆ ಎಂದು ಅವನ ನಂಬಿಕೆ.

ಈ ಚಾಳಿ ಅವನಿಗೆ ಅಪ್ಪನಿಂದ ಬಂದದ್ದು. ಹಲಬರ್ಗಾದ ಅವನ ಅಪ್ಪ ಭಾಲ್ಕಿಯ ದನದ ಬಜಾರಿನಲ್ಲಿ ಎತ್ತು ಆರಿಸಿಕೊಡುವುದರಲ್ಲಿ ಹೆಸರು ಮಾಡಿದ್ದ. ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ಎಲ್ಲಾ ಸರಿ ಕಂಡ ಮೇಲೂ ಮುದುಕ ಹೂಂ ಅನ್ನುತ್ತಿರಲಿಲ್ಲ. ಕೊಳ್ಳುವವನ ಮನೆಯ ಹಳೆಯ ಎತ್ತನ್ನು ಬಜಾರಿಗೆ ಹೊಡೆದುಕೊಂಡು ಬರಲು ಹೇಳಿ, ಎರಡನ್ನೂ ಒಂದೇ ನೊಗಕ್ಕೆ ಹೂಡಿ ಒಂದು ಸುತ್ತು ನಡೆಸುತ್ತಿದ್ದ. ಹೊಸದು ಎಷ್ಟೇ ಚಂದವಿರಲಿ, ಮನೆಯ ಎತ್ತಿನ ಜೊತೆ ಹೆಜ್ಜೆ ಕೂಡದಿದ್ದರೆ ಅದು ಮಾರಲು ತಂದವನಿಗೇ ಇರಲಿ ಅನ್ನುತ್ತಿದ್ದ. ಗೋರಖನಾಥನೂ ಹಾಗೇ. ಗಿರಾಕಿಯ ಹಳೆಯ ಪ್ರಿಂಟರು, ಬೆರಳು ಒತ್ತುವ ಯಂತ್ರ, ಕನ್ನಡ ಟೈಪಿಂಗಿನ ಸಿ.ಡಿ., ಏನೇನಿದೆಯೋ ಎಲ್ಲವನ್ನೂ ಸ್ಕೂಟರಿಗೆ ಹಗ್ಗ ಹಾಕಿ ಕಟ್ಟಿಕೊಂಡು ಶೋರೂಮಿಗೆ ಒಯ್ಯುತ್ತಿದ್ದ. ಒಂದೊಂದನ್ನೇ ಹೊಸ ಯಂತ್ರಕ್ಕೆ ಜೋಡಿಸಿ, ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೇ ತಲೆ ಅಲ್ಲಾಡಿಸುವುದು. ಗೋರಖಣ್ಣನ ದಿಬ್ಬಣ ಬಂತು ಎಂದು ಶೋರೂಮಿನ ಹುಡುಗರು ನಗುತ್ತಿದ್ದರು. ಪೂರಾ ಹೊಸ ಮಾಲು ಬಂದರಂತೂ ಅವನದು ಒಂದೇ ಮಾತು: ಒಂದು ವರ್ಷ ತಡೀರಿ, ಮಂದಿ ಬಳಸಿ ನೋಡಲಿ. ಅಷ್ಟು ಜನಕ್ಕೆ ಹೇಳಿದ ಆ ಮಾತನ್ನು ಅವನು ತನಗೆ ಹೇಳಿಕೊಳ್ಳಲು ಮರೆತದ್ದು ಒಂದೇ ಸಲ. ಆ ಒಂದು ಸಲವೇ ಸಾಕಾಯಿತು.

ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವನ ರಿಪೇರಿ ಅಂಗಡಿ. ನಡುವೆ ಒಂದು ಪ್ಲೈವುಡ್ ಹಲಗೆ, ಹಲಗೆಯ ಆ ಕಡೆ ಉಸ್ಮಾನ ಮಿಯಾ. ಉಸ್ಮಾನ ಮಿಯಾ ಕಾತಿಬರ ಮನೆತನದವನು. ಬಿದಿರಿನ ಕಲಮಿನಿಂದ ಉರ್ದುವನ್ನು ಅಂದವಾಗಿ ಬರೆದುಕೊಡುವುದೇ ಅವರ ತಲೆತಲಾಂತರದ ಕಸುಬು. ಶಾದಿಯ ರುಕ್ಕಾ, ಅಂದರೆ ಮದುವೆಯ ಆಮಂತ್ರಣ, ಉಸ್ಮಾನ ಮಿಯಾನ ಕೈಯಲ್ಲಿ ಆದರೆ ಅದಕ್ಕೊಂದು ಕಳೆ ಎಂದು ಬೀದರಿನ ಹಳೆಯ ಮನೆಗಳಲ್ಲಿ ಮಾತಿತ್ತು. ಕಂಪ್ಯೂಟರು ಬಂದಾಗ ಉಳಿದ ಕಾತಿಬರು ಕೈಕಟ್ಟಿ ಕುಳಿತರು. ಉಸ್ಮಾನ ಮಿಯಾ ಹಲಗೆ ಸರಿಸಿ ಈ ಕಡೆ ಬಂದು, ನನಗೂ ಕಲಿಸು ಗೋರಖ, ಅಂದ.

ಗೋರಖನಾಥ ಅವನಿಗೆ ಒಂದು ಕಂಪ್ಯೂಟರು ಕೂಡಿಸಿಕೊಟ್ಟು, ಉರ್ದು ಜೋಡಿಸುವ ಪ್ರೋಗ್ರಾಮು ಕೊಡಿಸಿದ. ಅದರ ಜೊತೆಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಲಾಕು ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರೆ ಕೆಂಪು ದೀಪ ಹತ್ತಿ ಪ್ರೋಗ್ರಾಮು ತೆರೆಯುವುದು, ಕಿತ್ತರೆ ಮುಚ್ಚಿಕೊಳ್ಳುವುದು. ಯಾರೂ ಕಳ್ಳತನದಲ್ಲಿ ಕಾಪಿ ಮಾಡಬಾರದೆಂದು ಕಂಪನಿಯವರು ಹೂಡಿದ ಉಪಾಯ ಅದು. ಕೆಲಸವೇನೋ ನಡೆಯಿತು, ಆದರೆ ಅದರೊಳಗಿನ ಅಕ್ಷರ ಉಸ್ಮಾನ ಮಿಯಾನ ಮನಸ್ಸಿಗೆ ಬರಲಿಲ್ಲ. ಎಲ್ಲ ಅಲೀಫ್ ಅಕ್ಷರಗಳೂ ಕವಾಯತಿಗೆ ನಿಂತ ಸಿಪಾಯಿಗಳಂತಿವೆ, ಉಸಿರೇ ಇಲ್ಲ ಎಂದು ಗೊಣಗಿಕೊಂಡೇ ಇದ್ದ. ಕೊನೆಗೆ ಇಬ್ಬರೂ ಕೂಡಿ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದರು. ಉಸ್ಮಾನ ಮಿಯಾ ಒಂದೊಂದು ಅಕ್ಷರವನ್ನೂ, ಅದು ಮಗ್ಗುಲಿನ ಅಕ್ಷರಕ್ಕೆ ಕೂಡಿದಾಗ ಆಗುವ ಒಂದೊಂದು ರೂಪವನ್ನೂ ಕಲಮಿನಲ್ಲಿ ಬರೆಯುವುದು, ಗೋರಖನಾಥ ಅದನ್ನು ಸ್ಕ್ಯಾನ್ ಮಾಡಿ ಅಂಚು ತಿದ್ದಿ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಡುವುದು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಜಗಳಾಡುತ್ತ, ಚಹಾ ಕುಡಿಯುತ್ತ, ವರ್ಷಗಟ್ಟಲೆ ನಡೆಯಿತು ಆ ಕೆಲಸ.

ಮುಗಿದ ದಿನ ಉಸ್ಮಾನ ಮಿಯಾ ಮೊಟ್ಟಮೊದಲು ಜೋಡಿಸಿದ್ದು ತನ್ನ ಮಗಳ ಹೆಸರು. ಅರ್ಶಿಯಾ ಆಗ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅಪ್ಪನ ಕಂಪ್ಯೂಟರು ತನ್ನದೇ ಎಂದು ಹಟ ಹಿಡಿಯುತ್ತಿದ್ದಳು. ಸರಿ, ನಿನ್ನದೇ ತಗೋ ಎಂದು ಆ ಹೆಸರನ್ನು ಪ್ರಿಂಟ್ ತೆಗೆದು, ಕತ್ತರಿಸಿ, ಕ್ಯಾಬಿನೆಟ್ಟಿನ ಮಗ್ಗುಲಿಗೆ ಟೇಪು ಹಚ್ಚಿ ಅಂಟಿಸಿಬಿಟ್ಟ. ನಿನ್ನ ಶಾದಿಯ ರುಕ್ಕಾ ಇದೇ ಅಕ್ಷರದಲ್ಲಿ ಆಗಬೇಕು, ಆಗ ನನ್ನ ಕೈ ನಡುಗುತ್ತಿದ್ದರೂ ಚಿಂತೆಯಿಲ್ಲ ಅಂದ. ಕೈ ನಡುಗುವಷ್ಟು ಕಾಲ ಅವನು ಬಾಳಲಿಲ್ಲ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ಅರ್ಶಿಯಾ ಕಾಲೇಜಿನಲ್ಲಿದ್ದಾಗಲೇ ಹೋಗಿಬಿಟ್ಟ. ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಗೋರಖನಾಥನ ಕೈ ಹಿಡಿದು ಮತ್ತೊಮ್ಮೆ ಅದನ್ನೇ ಹೇಳಿದ. ಮನೆಯ ಬಗ್ಗೆ, ಸಾಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳ ರುಕ್ಕಾ ತನ್ನ ಕೈಯಲ್ಲೇ ಆಗಬೇಕು, ಅಷ್ಟೇ.

ಆಮೇಲೆ ಆ ಕುರ್ಚಿಯಲ್ಲಿ ಅವನ ಹೆಂಡತಿ ಫಕ್ರುನ್ನಿಸಾ ಬಂದು ಕುಳಿತಳು. ಗಂಡನ ಪಕ್ಕ ಕೂತು ಕೂತು ಕೆಲಸ ಕಲಿತಿದ್ದಳು. ಉರ್ದು, ಕನ್ನಡ, ಮರಾಠಿ ಮೂರರಲ್ಲೂ ಜೋಡಿಸುತ್ತಿದ್ದಳು, ಆದರೆ ಅವಳ ಹತ್ತಿರ ಜನ ಬರುತ್ತಿದ್ದದ್ದು ಉರ್ದು ರುಕ್ಕಾಕ್ಕಾಗಿ. ಉಸ್ಮಾನ ಮಿಯಾ ಮಣ್ಣಾದ ಮೇಲೂ ಬೀದರಿನ ಮದುವೆಗಳಿಗೆ ಅವನ ಕೈಯೇ ಜನರನ್ನು ಕರೆಯುತ್ತಿತ್ತು. ಹಲಗೆಯ ಈ ಕಡೆ ಕೂತ ಗೋರಖನಾಥನಿಗೆ ಕೀಲಿಮಣೆಯ ಟಕಟಕ ಕೇಳಿದಾಗ ಗೆಳೆಯ ಎಲ್ಲೂ ಹೋಗಿಲ್ಲ ಎಂದೇ ಅನ್ನಿಸುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ರುಕ್ಕಾದ ನೆತ್ತಿಯ ಮೇಲೆ ಅಲ್ಲಾಹನ ಹೆಸರು ಇರುತ್ತದೆ. ಆ ಹೆಸರಿದ್ದ ಕಾಗದ ಕಾಲಿಗೆ ತಾಗಬಾರದು, ಕಸಕ್ಕೆ ಬೀಳಬಾರದು, ಬೆಂಕಿ ಕಾಣಬಾರದು. ಹರಿಯುವ ನೀರಿಗೆ ಬಿಡಬೇಕು. ಅದಕ್ಕೆ ಅವರು ಥಂಡಾ ಮಾಡುವುದು ಅನ್ನುತ್ತಾರೆ. ತಪ್ಪಾದ ಪ್ರೂಫು, ಅಚ್ಚು ತೆಗೆದ ಮೇಲೆ ಪ್ರೆಸ್ಸಿನಿಂದ ಮರಳಿ ಬಂದ ತೆಳು ಬಟರ್ ಪೇಪರು, ಮದುವೆ ಮುಗಿದ ಮೇಲೆ ಜನ ತಂದು ಕೊಡುವ ಉಳಿದ ಕಾರ್ಡು, ಎಲ್ಲವನ್ನೂ ಫಕ್ರುನ್ನಿಸಾ ಒಂದು ಬಿಳಿ ಚೀಲದಲ್ಲಿ ತುಂಬಿಡುತ್ತಿದ್ದಳು. ವರ್ಷಕ್ಕೊಮ್ಮೆ, ರಂಜಾನಿಗೆ ಮುಂಚೆ, ಗೋರಖನಾಥ ಆ ಚೀಲವನ್ನು ಸ್ಕೂಟರಿನ ಮೇಲಿಟ್ಟುಕೊಂಡು ಮಾಂಜ್ರಾ ಸೇತುವೆಗೆ ಒಯ್ದು ನೀರಿಗೆ ಬಿಟ್ಟು ಬರುತ್ತಿದ್ದ. ಉಸ್ಮಾನ ಮಿಯಾ ಇದ್ದಾಗ ಇಬ್ಬರೂ ಹೋಗುತ್ತಿದ್ದರು. ಆಮೇಲೆ ಅವನೊಬ್ಬನೇ.

ಹೀಗಿರುವಾಗ ಆ ಹೊಸ ಲ್ಯಾಪ್‌ಟಾಪು ಬಂತು. ಅದರ ಹೊಟ್ಟೆಯಲ್ಲಿದ್ದದ್ದು ಹಳೆಯ ಕಂಪ್ಯೂಟರುಗಳ ಚಿಪ್ಪಲ್ಲ, ಮೊಬೈಲಿನ ಜಾತಿಯದು. ಬಿಸಿಯಾಗುವುದಿಲ್ಲ, ಪಂಖವೇ ಇಲ್ಲ, ಬೆಳಿಗ್ಗೆ ಚಾರ್ಜು ಮಾಡಿದರೆ ಸಂಜೆಯ ತನಕ ಕರೆಂಟಿನ ಹಂಗಿಲ್ಲ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಅದರದೇ ಮಾತು. ಕರೆಂಟು ಹೋಗಿ ಬಂದು ಮಾಡುವ ಊರುಗಳಿಗೆ ಇದಕ್ಕಿಂತ ಏನು ಬೇಕು? ಶೋರೂಮಿನ ಮಾಲೀಕ ಆಶೀಷ ಒಂದನ್ನು ತೆಗೆದು ಗೋರಖನಾಥನ ತೊಡೆಯ ಮೇಲೆ ಇಟ್ಟ. ಗೋರಖನಾಥ ಅದಕ್ಕೆ ಕಿವಿ ಹಚ್ಚಿ ನೋಡಿದ. ಸದ್ದೇ ಇಲ್ಲ. ಬೆನ್ನು ಸವರಿದ, ತಣ್ಣಗಿತ್ತು. ತನ್ನ ಪೆನ್ ಡ್ರೈವಿನಲ್ಲಿದ್ದ ಹಳೆಯ ಪ್ರೋಗ್ರಾಮುಗಳನ್ನು ಹಾಕಿ ನೋಡಿದ. ಕನ್ನಡ ಟೈಪಿಂಗು ನಡೆಯಿತು, ಅಂಗಡಿ ಲೆಕ್ಕದ್ದು ನಡೆಯಿತು. ಜೀವನವಿಡೀ ಗರಗರ ಅನ್ನುವ ಪಂಖಗಳ ಧೂಳು ತೆಗೆದು ತೆಗೆದು ಸಾಕಾದವನು. ಐವತ್ತೈದು ದಾಟಿದ ಆ ಮನುಷ್ಯನಿಗೆ ಅದರ ಮೇಲೆ ಮನಸ್ಸು ಬಿತ್ತು. ಹೇಳಬೇಕೆಂದರೆ ಮರುಳೇ ಆಗಿಬಿಟ್ಟ.

ಹಲಗೆಯ ಆ ಕಡೆಯ ಹಳೆಯ ಕಂಪ್ಯೂಟರು ಆ ಹೊತ್ತಿಗೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಕರೆಂಟು ಹೋದಾಗಲೆಲ್ಲ ಫಕ್ರುನ್ನಿಸಾ ಜೋಡಿಸಿದ್ದು ಅಳಿಸಿಹೋಗಿ ಮತ್ತೆ ಮೊದಲಿನಿಂದ ಕೂರಬೇಕು. ಅವಳ ಸೊಂಟ ಹಿಡಿದಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಗೆಳೆಯನ ಮನೆಗೆ ತಾನು ಮಾಡಬಹುದಾದ ಒಂದು ಒಳ್ಳೆಯ ಕೆಲಸ ಇದು ಎಂದು ಗೋರಖನಾಥನಿಗೆ ತೋರಿತು. ಹಬ್ಬಕ್ಕೆಂದು ಶೋರೂಮಿನವರು ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಅವಕಾಶ ಇಟ್ಟಿದ್ದರು, ಅಂದೇ ಅದು ಮುಗಿಯುವ ದಿನ. ಅವನು ಹೋಗಿ ಹೇಳಿದಾಗ ಫಕ್ರುನ್ನಿಸಾ ಯಾರದೋ ರುಕ್ಕಾ ಜೋಡಿಸುತ್ತಿದ್ದಳು. ತಲೆ ಎತ್ತದೆ ಅಂದಳು, "ನೀವು ಹೂಂ ಅಂದ್ರ ಮುಗೀತಲ್ರೀ ಭಾಯಿ. ನಾ ಏನ್ ನೋಡೋದದ?"

ಆಗ ಅವನು ಲಾಕನ್ನು ಕಿತ್ತು ಶೋರೂಮಿಗೆ ಒಯ್ದು ಚುಚ್ಚಿ ನೋಡಬೇಕಿತ್ತು. ನೊಗಕ್ಕೆ ಹೂಡಿ ನೋಡುವುದು ಅಂದರೆ ಅದೇ. ಆದರೆ ಲಾಕು ಕಿತ್ತರೆ ಅವಳ ಕೆಲಸ ನಡುವೆ ನಿಲ್ಲುತ್ತಿತ್ತು. ಗಿರಾಕಿ ಎದುರಿಗೇ ಕೂತಿದ್ದ. ಉಳಿದದ್ದೆಲ್ಲ ನಡೆದಿದೆ, ಇದೊಂದು ಯಾಕೆ ನಡೆಯುವುದಿಲ್ಲ, ಅಂದುಕೊಂಡ. ಸಂಜೆ ಹಳೆಯದರಿಂದ ಎಲ್ಲಾ ರುಕ್ಕಾಗಳನ್ನು ಕಾಪಿ ತೆಗೆದುಕೊಂಡ. ಗಿರಾಕಿಗಳ ಮನೆತನದ ವಿವರ, ಫೋನ್ ನಂಬರು ಪರರ ಕೈ ಸೇರಬಾರದೆಂದು ಡಿಸ್ಕನ್ನು ತನ್ನ ಕೈಯಾರೆ ಅಳಿಸಿದ. ಅದೂ ಅವನ ರೂಢಿಯೇ, ಜನ ಅವನನ್ನು ಮೆಚ್ಚುತ್ತಿದ್ದದ್ದೂ ಇಂಥ ಶಿಸ್ತಿಗೇ. ಹಳೆಯದು ಹೋಯಿತು, ಹೊಸದು ಬಂತು.

ಮರುದಿನ ಲಾಕು ಚುಚ್ಚಿದರೆ ಕೆಂಪು ದೀಪ ಹತ್ತಲಿಲ್ಲ.

ಮೊದಲು ತೂತು ಸರಿಯಿಲ್ಲವೇನೋ ಅಂದುಕೊಂಡ. ಬೇರೆ ತೂತಿಗೆ ಹಾಕಿದ, ಊದಿ ಹಾಕಿದ, ಅಂಗಿಯ ತುದಿಯಿಂದ ಒರೆಸಿ ಹಾಕಿದ. ಆಮೇಲೆ ಕೂತು ಓದಿದಾಗ ವಿಷಯ ತಿಳಿಯಿತು. ಹೊಸ ಚಿಪ್ಪಿಗೆ ಹಳೆಯ ಪ್ರೋಗ್ರಾಮುಗಳ ಭಾಷೆ ಬರುವುದಿಲ್ಲ. ಯಂತ್ರ ಒಳಗೆ ಒಬ್ಬ ದುಭಾಷಿಯನ್ನು ಕೂಡಿಸಿಕೊಂಡು ಕೆಲಸ ನಡೆಸುತ್ತದೆ. ಬರೀ ಪ್ರೋಗ್ರಾಮು ಇದ್ದರೆ ದುಭಾಷಿ ಸಾಕು. ಲಾಕು, ಪ್ರಿಂಟರು, ಬೆರಳು ಒತ್ತುವ ಯಂತ್ರ, ಇವು ಕಂಪ್ಯೂಟರಿನ ಜೊತೆ ನೇರ ಮಾತಾಡುವಂಥವು. ಅಲ್ಲಿ ದುಭಾಷಿಗೆ ಜಾಗವಿಲ್ಲ. ಅವುಗಳನ್ನು ಮಾಡಿದ ಕಂಪನಿಯವರೇ ಹೊಸ ಚಿಪ್ಪಿಗಾಗಿ ಮತ್ತೆ ಬರೆದುಕೊಡಬೇಕು. ಲಾಕಿನ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಜಾಹೀರಾತಿನಲ್ಲಿ ಹೇಳಿದ್ದು ಒಂದೂ ಸುಳ್ಳಲ್ಲ. ಬ್ಯಾಟರಿ ಸಂಜೆಯ ತನಕ ನಿಲ್ಲುತ್ತಿತ್ತು, ಸದ್ದಿರಲಿಲ್ಲ. ಜಾಹೀರಾತು ಮಾಡಿದವರು ಇಂಥ ಅಂಗಡಿಗಳನ್ನು ಕಂಡವರಲ್ಲ, ಅಷ್ಟೇ. ಇಲ್ಲಿ ಯಾರೂ ಬರೀ ಕಂಪ್ಯೂಟರು ಕೊಳ್ಳುವುದಿಲ್ಲ, ಮನೆಯಲ್ಲಿ ಮೊದಲೇ ಇದ್ದ ಹತ್ತು ವಸ್ತುವಿನ ಜೊತೆ ಬಾಳುವುದನ್ನು ಕೊಳ್ಳುತ್ತಾರೆ.

ಅವನು ಹೇಳಿದನೆಂದು ಇನ್ನೂ ನಾಲ್ಕಾರು ಮಂದಿ ಅದನ್ನೇ ಕೊಂಡಿದ್ದರು. ಭಾಲ್ಕಿಯ ಅಡತಿಯವನ ಪ್ರಿಂಟರು ಬಾಯಿ ಬಿಡಲಿಲ್ಲ. ಚಿಂತಾಕಿಯಲ್ಲಿ ರೇಶನ್ನಿಗೆ ಬೆರಳು ಒತ್ತಿಸಿಕೊಳ್ಳುವವನ ಯಂತ್ರ ಬೆರಳನ್ನೇ ಗುರುತಿಸಲಿಲ್ಲ. ಒಬ್ಬೊಬ್ಬರೇ ಫೋನು ಹಚ್ಚಿ ಬೈದರು. ಕೆಲವರು ಬೈಯಲೂ ಇಲ್ಲ, ಸುಮ್ಮನೆ ಮಾತು ಬಿಟ್ಟರು. ಅದನ್ನೆಲ್ಲ ಅವನು ನುಂಗಿಕೊಂಡ. ನುಂಗಲಾಗದ್ದು ಹಲಗೆಯ ಆ ಕಡೆ ನಡೆಯುತ್ತಿದ್ದದ್ದು. ಫಕ್ರುನ್ನಿಸಾ ಕನ್ನಡದ, ಮರಾಠಿಯ ಕಾರ್ಡು ಜೋಡಿಸುತ್ತ ಇದ್ದಳು. ಉರ್ದು ರುಕ್ಕಾ ಕೇಳಿಕೊಂಡು ಬಂದವರಿಗೆ ಮುಂದಿನ ಗಲ್ಲಿ ತೋರಿಸುತ್ತಿದ್ದಳು.

ಅಂದೇ ಒಂದು ಹಳೆಯ ಕಂಪ್ಯೂಟರ್ ಡಬ್ಬಾ ತಂದು ಕೂಡಿಸಿ ಲಾಕು ಚುಚ್ಚಿದ್ದರೆ ಮುಂದೆ ತಿಳಿದ ನಷ್ಟ ಆಗಲೇ ತಿಳಿಯುತ್ತಿತ್ತು, ಬಹುಶಃ ಕಳೆದದ್ದು ಮತ್ತೆ ಕೈಯೂ ಸೇರುತ್ತಿತ್ತು. ಹಾಗೆ ಮಾಡಲು ಅವನ ಮಾನ ಬಿಡಲಿಲ್ಲ. ತಾನು ಆರಿಸಿದ್ದು ತಪ್ಪು ಎಂದು ಚೌಬಾರಾದ ನಡುವೆ ನಿಂತು ಒಪ್ಪಿಕೊಂಡಂತೆ ಆಗುತ್ತಿತ್ತು ಅದು. ಲ್ಯಾಪ್‌ಟಾಪ್ ಕಂಪನಿಯವರಿಗೆ ಫೋನು ಮಾಡಿದರೆ, ಮುಂದಿನ ಅಪ್‌ಡೇಟಿನಲ್ಲಿ ಬರಬಹುದು ಅಂದರು. ಬರಬಹುದು ಎಂಬುದನ್ನು ಅವನು ಬರುತ್ತದೆ ಎಂದು ಮಾಡಿಕೊಂಡು ಫಕ್ರುನ್ನಿಸಾಳಿಗೆ ಹೇಳಿದ. "ತಡೀರಿ ಭಾಭಿ, ಇಷ್ಟರಾಗ ಬರ್ತದ." ಜನರಿಗೆಲ್ಲ ತಡೀರಿ ಅನ್ನುತ್ತಿದ್ದವನು, ಕೊಳ್ಳುವ ಮೊದಲು ಹೇಳಬೇಕಾದ ಮಾತನ್ನು ಕೊಂಡ ಮೇಲೆ ಹೇಳತೊಡಗಿದ. ಅಪ್‌ಡೇಟುಗಳು ಬಂದವು, ಹೋದವು. ಬೇಸಿಗೆ ಹೋಗಿ ಮಳೆಗಾಲ ಬಂತು. ದೀಪ ಹತ್ತಲಿಲ್ಲ.

ಅಷ್ಟರಲ್ಲಿ ಅರ್ಶಿಯಾಳ ಮದುವೆಯ ಮಾತು ಭಾಲ್ಕಿಯ ಒಂದು ಮನೆತನದಲ್ಲಿ ಪಕ್ಕಾ ಆಯಿತು. ಹುಡುಗ ಫೈಜಲ, ಔಷಧಿ ಅಂಗಡಿಯವನು. ತಾರೀಖು ಹಿಡಿದ ದಿನ ಫಕ್ರುನ್ನಿಸಾ ಹಲಗೆಯ ಅಂಚಿಗೆ ಬಂದು ನಿಂತಳು. ರುಕ್ಕಾ ಬರೆಸಬೇಕು ಅಂದಳು, ಅಷ್ಟೇ. ಇನ್ನು ಮಾನ ಹಿಡಿದು ಕೂರುವ ಕಾಲವಲ್ಲ ಎಂದು ಗೋರಖನಾಥನಿಗೂ ತಿಳಿಯಿತು. ತನ್ನ ಅಂಗಡಿಯ ಮೂಲೆಯಲ್ಲಿದ್ದ ಒಂದು ಹಳೆಯ ಯಂತ್ರವನ್ನು ಒರೆಸಿ, ಅದಕ್ಕೆ ಆ ಪ್ರೋಗ್ರಾಮಿನ ಸಿ.ಡಿ. ಹಾಕಿ, ಲಾಕು ಚುಚ್ಚಿದ. ಕೆಂಪು ದೀಪ ಹತ್ತಿತು. ಪಕ್ಕದಲ್ಲಿ ನಿಂತಿದ್ದ ಅರ್ಶಿಯಾ ಚಪ್ಪಾಳೆ ತಟ್ಟಿದಳು. ಅವನು ಹಳೆಯ ರುಕ್ಕಾ ಒಂದನ್ನು ತೆರೆದ.

ಮಾತುಗಳೆಲ್ಲ ಇದ್ದವು, ಕೈ ಇರಲಿಲ್ಲ. ಪರದೆಯ ತುಂಬ ಕಂಪನಿಯ ಅಕ್ಷರ, ಕವಾಯತಿಗೆ ನಿಂತ ಸಿಪಾಯಿಗಳು.

ಅರ್ಶಿಯಾ ಮೊದಲು ನಕ್ಕು, ಕಾಕಾ, ಅಬ್ಬಾನ ಅಕ್ಷರ ಹಾಕ್ರೀ ಅಂದಳು. ಅವನು ಇನ್ನೊಂದನ್ನು ತೆರೆದ, ಮತ್ತೊಂದನ್ನು ತೆರೆದ. ಆಮೇಲೆ ಅವನಿಗೆ ಹೊಳೆಯಿತು. ರುಕ್ಕಾದ ಕಾಪಿಯಲ್ಲಿ ಇರುವುದು ಬರೀ ಮಾತು. ಆ ಮಾತಿಗೆ ಉಸ್ಮಾನ ಮಿಯಾನ ರೂಪ ಕೊಡುವ ಅಕ್ಷರಗಳು ಪ್ರೋಗ್ರಾಮಿನ ಹೊಟ್ಟೆಯೊಳಗೆ ಇದ್ದವು. ಅಲ್ಲಿ ಅವುಗಳನ್ನು ಇಟ್ಟವನು ಬೇರೆ ಯಾರೂ ಅಲ್ಲ, ಅವನೇ. ಅಷ್ಟು ಮಧ್ಯಾಹ್ನಗಳ ಕೆಲಸ. ಕಾಪಿ ತೆಗೆಯುವಾಗ ಆ ಜಾಗ ನೆನಪಾಗಲಿಲ್ಲ. ಆಮೇಲೆ ಡಿಸ್ಕು ಅಳಿಸಿದ. ಸ್ಕ್ಯಾನ್ ಮಾಡಿದ್ದೂ ಅದೇ ಡಿಸ್ಕಿನಲ್ಲಿತ್ತು, ಕಲಮಿನಲ್ಲಿ ಬರೆದ ಹಾಳೆಗಳು ಕೆಲಸ ಮುಗಿದ ವರ್ಷವೇ ಬಿಳಿ ಚೀಲ ಸೇರಿ ನೀರಿಗೆ ಹೋಗಿದ್ದವು.

ಹಳೆಯ ರುಕ್ಕಾಗಳಿಂದ ತೆಗೆಯಬಹುದಲ್ಲ ಎಂದು ಅರ್ಶಿಯಾ ಅಂದಳು. ಎಲ್ಲಿವೆ ಹಳೆಯ ರುಕ್ಕಾ? ಮನೆಮನೆ ಕೇಳಿ ಬಂದರು. ಶಾದಿ ಮುಗಿದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ, ಎಲ್ಲವೂ ಆ ಬಿಳಿ ಚೀಲ ಸೇರಿ ಮಾಂಜ್ರಾದ ಪಾಲಾಗಿದ್ದವು. ವರ್ಷವರ್ಷವೂ ಗೋರಖನಾಥನೇ ಒಯ್ದು ಬಿಟ್ಟಿದ್ದ. ಮೊಬೈಲುಗಳಲ್ಲಿ ಸಿಕ್ಕ ಒಂದೆರಡು ಫೋಟೋ ದೊಡ್ಡದು ಮಾಡಿದರೆ ಚೂರುಚೂರಾಗುತ್ತಿದ್ದವು. ಉರ್ದುವಿನಲ್ಲಿ ಒಂದು ಅಕ್ಷರ ಇನ್ನೊಂದರ ಕೈ ಹಿಡಿದಿರುತ್ತದೆ. ಕತ್ತರಿಸಿ ಜೋಡಿಸಿದರೆ ಅದು ಉಸ್ಮಾನ ಮಿಯಾನ ಕೈ ಆಗುವುದಿಲ್ಲ.

ಇನ್ನು ಉಳಿದದ್ದು ಶೋರೂಮಿಗೆ ಕೊಟ್ಟ ಆ ಹಳೆಯ ಯಂತ್ರ. ಅಳಿಸಿದ ಡಿಸ್ಕಿನ ಮೇಲೆ ಬೇರೆ ಏನೂ ಬರೆದಿರದಿದ್ದರೆ ಅಳಿಸಿದ್ದನ್ನು ಮತ್ತೆ ಎತ್ತಬಹುದು, ಆ ವಿದ್ಯೆ ಅವನಿಗೆ ಗೊತ್ತಿತ್ತು. ಆಶೀಷನ ಹತ್ತಿರ ಓಡಿದ. ಅವನು ಎಲ್ಲಾ ಹಳೆಯ ಮಾಲನ್ನು ಭಾಲ್ಕಿಯ ಕೈಲಾಶನಿಗೆ ಒಟ್ಟಿಗೆ ಕೊಟ್ಟಿದ್ದ. ಬಸ್ಸು ಹತ್ತಿ ಭಾಲ್ಕಿಗೆ ಹೋದ. ಸ್ಟೇಶನ್ ರಸ್ತೆಯಲ್ಲಿ ಕೈಲಾಶ ಹಳೆಯ ಕಂಪ್ಯೂಟರುಗಳನ್ನು ತೊಳೆದು ಒರೆಸಿ ಶಾಲೆಗಳಿಗೆ, ಟ್ಯೂಶನ್ನಿನವರಿಗೆ ಮಾರುತ್ತಿದ್ದ. ಅವನಿಗೆ ನೆನಪಿತ್ತು. ಆ ಡಿಸ್ಕು ಮುದಿಯಾಗಿತ್ತೆಂದು ತೆಗೆದು ಹೊಸದು ಹಾಕಿದ್ದನಂತೆ. ತೆಗೆದದ್ದನ್ನು ಗುಜರಿಯವರು ತೂಕದ ಮೇಲೆ ಹೈದರಾಬಾದಿಗೆ ಒಯ್ದು ಬಹಳ ದಿನವಾಗಿತ್ತು. ಮಳೆಗಾಲದ ಮುಂಚೆ ಬಂದಿದ್ದರ ಅದೇ ರಾಶಿಯಾಗ ಬಿದ್ದಿತ್ತು ನೋಡ್ರಿ ಗೋರಖಣ್ಣ ಅಂದ. ಪಾಪ, ಸಮಾಧಾನಕ್ಕೆಂದೇ ಅಂದದ್ದು.

ಗೋರಖನಾಥ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟ. ಸಾಯಬೇಕು ಅನ್ನಿಸಿತು ಅಂದರೆ ಹೆಚ್ಚಿನ ಮಾತಲ್ಲ. ಮಾನ ಕಾಯ್ದುಕೊಳ್ಳಲು ತಾನು ಮಾಡಿದ ತಡ ಗೆಳೆಯನನ್ನು ಎರಡನೆಯ ಸಲ ಕೊಂದಿತು ಎಂದು ಅವನಿಗೆ ಸ್ಪಷ್ಟವಾಗಿ ತೋರಿತು. ಕೈಲಾಶ ತಂದುಕೊಟ್ಟ ಚಹಾ ತಣ್ಣಗಾಯಿತು. ಆಗಲೇ ನೆನಪಾದದ್ದು, ಕ್ಯಾಬಿನೆಟ್ಟಿನ ಮಗ್ಗುಲಿಗೆ ಅಂಟಿಸಿದ ಆ ಹೆಸರು. ಯಂತ್ರ ಎಲ್ಲಿಗೆ ಹೋಯಿತೆಂದು ಕೇಳಿದ. ಔರಾದಿನಲ್ಲಿ ವರದಾ ಎಂಬ ಹೆಣ್ಣುಮಗಳು ನಡೆಸುವ ಟ್ಯೂಶನ್ನಿಗೆ.

ಅವನು ಹೋದಾಗ ವರದಾ ಮಕ್ಕಳನ್ನು ಬಿಟ್ಟು ಬಾಗಿಲಿಗೆ ಬಂದಳು. ಬೆಂಚಿನ ಮೇಲೆ ಹಳೆಯ ಯಂತ್ರ ಗರಗರ ಅನ್ನುತ್ತಿತ್ತು. ಅವನು ನೇರ ಹೋಗಿ ಅದನ್ನು ಓರೆ ಮಾಡಿ ಮಗ್ಗುಲು ನೋಡಿದ. ಹಳದಿಯಾದ ಟೇಪಿನ ಕೆಳಗೆ ಅರ್ಶಿಯಾಳ ಹೆಸರು ಹಾಗೇ ಇತ್ತು, ಒಂದು ಅಂಚೂ ಹರಿಯದೆ. ವರದಾ ಹೇಳಿದಳು, "ಕೈಲಾಶಣ್ಣಾ ಅದನ್ನ ತಿಕ್ಕಿ ತೆಗೀಲಿಕ್ಕ ನಿಂತಿದ್ರು ಕಾಕಾ. ನಾನೇ ಬ್ಯಾಡ ಅಂದೆ. ಓದ್ಲಿಕ್ಕ ಬರಲ್ಲ ನಮಗ, ಖರೆ ನೋಡ್ಲಿಕ್ಕ ಛಂದ ಅದ." ಅವನು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತ. ಮಕ್ಕಳು ನೋಡಿದರು, ವರದಾ ಅವರನ್ನು ಗದರಿ ಓದಲು ಕೂಡಿಸಿದಳು. ಆಮೇಲೆ ಬ್ಲೇಡು ಕೊಟ್ಟು, ತಾನೇ ದೀಪ ಹಿಡಿದು, ಆ ಚೂರು ಕಾಗದವನ್ನು ಬಿಡಿಸಲು ನೆರವಾದಳು.

ರುಕ್ಕಾ ಆಯಿತು. ಮೇಲಿನ ಬಿಸ್ಮಿಲ್ಲಾ, ಮನೆತನದ ಹೆಸರುಗಳು, ದಿನ, ಜಾಗ, ಎಲ್ಲವೂ ಕಂಪನಿಯ ಅಕ್ಷರದಲ್ಲಿ. ನಡುವೆ ವಧುವಿನ ಹೆಸರು ಮಾತ್ರ ಅಪ್ಪನ ಕೈಯಲ್ಲಿ. ಅದನ್ನು ಕೂಡಿಸಲು ಗೋರಖನಾಥ ಆ ಹೊಸ ಲ್ಯಾಪ್‌ಟಾಪನ್ನೇ ಬಳಸಿದ. ಚಿತ್ರದ ಕೆಲಸಕ್ಕೆ ಅದು ಬಹಳ ಒಳ್ಳೆಯದು. ತಣ್ಣಗೆ, ಸದ್ದಿಲ್ಲದೆ, ಕೇಳಿದ್ದನ್ನು ಮಾಡಿಕೊಟ್ಟಿತು. ಮದುವೆಗೆ ಬಂದವರಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅರ್ಶಿಯಾ ಮಾತ್ರ ರುಕ್ಕಾ ಕೈಗೆ ಬಂದ ದಿನ ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು, ಆಮೇಲೆ ಅವನ ಕಾಲು ಮುಟ್ಟಿದಳು. ಅದರಿಂದ ಅವನಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನೋವಾಯಿತು. ಚಿಂತಾಕಿಯ ಮಾಸ್ತರನೊಬ್ಬ ಆ ವಾರ ಫೋನು ಹಚ್ಚಿ ಮಗನಿಗೆ ಯಾವ ಲ್ಯಾಪ್‌ಟಾಪು ಕೊಡಿಸಲಿ ಎಂದು ಕೇಳಿದ. ನನಗೆ ತಿಳಿಯುವುದಿಲ್ಲ, ತಿಳಿದವರನ್ನು ಕೇಳಿ ಎಂದು ಫೋನು ಇಟ್ಟ. ಅಂದಿನಿಂದ ಯಾರ ಜೊತೆಗೂ ಶೋರೂಮಿಗೆ ಹೋಗಲಿಲ್ಲ.

ಮಗಳು ಭಾಲ್ಕಿಗೆ ಹೋದ ಮೇಲೆ ಫಕ್ರುನ್ನಿಸಾ ಹಲಗೆಯ ಆ ಕಡೆಯನ್ನು ಖಾಲಿ ಮಾಡತೊಡಗಿದಳು. ಇನ್ನು ಅಂಗಡಿ ಸಾಕು, ಅಕ್ಕನ ಮನೆಯಲ್ಲಿ ಇರುತ್ತೇನೆ ಅಂದಳು. ಅವನ ತಪ್ಪನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಯಲ್ಲಿ ಬಿಳಿ ಚೀಲವನ್ನು ತಂದು ಅವನ ಮೇಜಿನ ಮೇಲಿಟ್ಟಳು. ಮಗಳ ಶಾದಿಯಲ್ಲಿ ಉಳಿದ ರುಕ್ಕಾಗಳು, ಪ್ರೂಫು, ಔರಾದಿನಿಂದ ತಂದ ಆ ಚೂರು ಕಾಗದವನ್ನು ಬಿಟ್ಟು ಉಳಿದೆಲ್ಲ. ಆ ಚೂರು ಅರ್ಶಿಯಾಳ ಜೊತೆ ಹೋಗಿತ್ತು. ಥಂಡಾ ಮಾಡಿ ಬರ್ರೀ ಅಂದಳು.

ಅವನು ಚೀಲದ ಬಾಯಿ ನೋಡಿದ. "ಒಂದರ ಇಟ್ಕೋರಿ ಭಾಭಿ."

"ಇಟ್ಕೊಂಡ ಏನ್ ಮಾಡ್ಲಿ ಭಾಯಿ?" ಅಂದಳು ಅವಳು. "ಅಷ್ಟರಾಗ ಒಂದ ಮಾತು ಅವರದು ಅದ. ಅದನ್ನ ನೋಡಿದ್ರ ಉಳಿದದ್ದು ಅವರದಲ್ಲ ಅಂತ ಕಾಣ್ತದ. ನನಗ ನೋಡ್ಲಿಕ್ಕ ಆಗಲ್ಲ."

ಮಧ್ಯಾಹ್ನ ಅವನು ಸ್ಕೂಟರು ತೆಗೆದುಕೊಂಡು ಮಾಂಜ್ರಾ ಸೇತುವೆಗೆ ಹೋದ. ಮಳೆ ನಿಂತಿತ್ತು, ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಒಂದು ರುಕ್ಕಾವನ್ನು ತನಗೆಂದು ತೆಗೆದಿಟ್ಟುಕೊಳ್ಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದ. ತನಗೇನು ಅದರ ಕಟ್ಟುನಿಟ್ಟಿಲ್ಲ, ಯಾರೂ ಕೇಳುವವರಿಲ್ಲ. ಚೀಲದೊಳಗೆ ಕೈ ಹಾಕಿ ಒಂದನ್ನು ಹೊರಗೂ ತೆಗೆದ. ಆದರೆ ಫಕ್ರುನ್ನಿಸಾ ಎಲ್ಲವನ್ನೂ ಬಿಟ್ಟು ಬನ್ನಿ ಅಂದಿದ್ದಳು. ಇಷ್ಟಾದ ಮೇಲೂ ಅವನ ಕೈಗೇ ಕೊಟ್ಟಿದ್ದಳು. ಅವನು ಅದನ್ನೂ ಉಳಿದವುಗಳ ಜೊತೆ ಬಿಟ್ಟ. ಕಾಗದಗಳು ಸ್ವಲ್ಪ ದೂರ ತೇಲಿ, ನೆನೆದು, ಒಂದೊಂದಾಗಿ ಮುಳುಗಿದವು. ಅವನು ಖಾಲಿ ಚೀಲವನ್ನು ಜಾಡಿಸಿ, ವರ್ಷವರ್ಷವೂ ಮಾಡುವಂತೆ ನಾಲ್ಕು ಮಡಿಕೆ ಮಡಚಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟ. ಮುಂದಿನ ವರ್ಷ ಇದಕ್ಕೆ ಕೆಲಸವಿಲ್ಲ ಎಂಬುದು ಡಿಕ್ಕಿ ಮುಚ್ಚಿದ ಮೇಲೆ ನೆನಪಾಯಿತು.